ಗೋಡೆಯ ಮೇಲೆ ಗೂಬೆ

ನಮ್ಮ ಆಫೀಸಿನಲ್ಲಿ ಯಾರ ಕಂಪ್ಯೂಟರಿಗೆ ವೈಫೈ ಸಿಗದಿದ್ದರೂ ಕರೆ ಹೋಗುವುದು ‘ಡಾಕ್ಟರಿಗೆ’. ಅಸಲಿಗೆ ಆತ ಕಂಪ್ಯೂಟರ್ ರಿಪೇರಿಯವನು, ಹೆಸರು ನಾವಿಟ್ಟದ್ದು. ಬಂದವನೇ ಕನ್ನಡಕ ಹಣೆಗೇರಿಸಿ, ರೋಗಿಯ ಮನೆಯವರನ್ನು ವಿಚಾರಿಸುವಂತೆ “ಯಾವಾಗಿಂದ ಹೀಗೆ?” ಎನ್ನುತ್ತಾನೆ. ಆಮೇಲೆ ಎದ್ದು ಗೋಡೆ ತಟ್ಟುತ್ತಾನೆ. “ಗೋಡೆ ದಪ್ಪ ಆಯ್ತು, ಸಿಗ್ನಲ್ ಪಾಪ ಏನ್ ಮಾಡುತ್ತೆ?” ಎಲ್ಲದಕ್ಕೂ ಗೋಡೆಯ ಮೇಲೆ ಗೂಬೆ ಕೂರಿಸುವ ಇವನಿಗೆ ನಿಜಕ್ಕೂ ಕೆಲಸ ಬರುತ್ತದೋ ಇಲ್ಲವೋ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು. ನಿನ್ನೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಎಷ್ಟು ಸಲ ಪಾಸ್‌ವರ್ಡ್ ಹೊಡೆದರೂ ವೈಫೈ ಒಪ್ಪಲಿಲ್ಲ. “ಇಷ್ಟೂ ಬರಲ್ವೇನಮ್ಮಾ? ಹೀಗಾದ್ರೆ ನಾಳೆಯಿಂದ ಬರಲೇಬೇಡ” ಎಂದು ಮ್ಯಾನೇಜರು ಅವಳ ತಲೆಯ ಮೇಲೇ ನಿಂತು ಗುಡುಗುತ್ತಿದ್ದರು. ಅಷ್ಟರಲ್ಲಿ ಬಂದ ಡಾಕ್ಟರು ಬಗ್ಗಿ, ಅವಳು ಆರಿಸಲು ಮರೆತಿದ್ದ ಕ್ಯಾಪ್ಸ್ ಲಾಕನ್ನು ಕಿರುಬೆರಳಿನಲ್ಲಿ ಮೆಲ್ಲಗೆ ಒತ್ತಿ ಆರಿಸಿದ್ದನ್ನು ಪಕ್ಕದಲ್ಲಿದ್ದ ನಾನೊಬ್ಬನೇ ಕಂಡೆ. “ಈಗ ಹೊಡಿಯಮ್ಮಾ” ಎಂದವನೇ ಎದ್ದು ಗೋಡೆ ತಟ್ಟಿದ. “ಹುಡುಗೀದೇನೂ ತಪ್ಪಿಲ್ಲ ಸಾರ್, ಎಲ್ಲಾ ಈ ಗೋಡೇದೇ.” ವೈಫೈ ಬಂತು, ಹುಡುಗಿಗೆ ಹೋದ ಜೀವ ಬಂತು. ನಾನು ಮಾತ್ರ ಗೋಡೆ ನೋಡುತ್ತ ಕೂತೆ. ಹೋದ ತಿಂಗಳು ನನ್ನ ವೈಫೈಗೆ ಅಡ್ಡ ಬಂದಿದ್ದೂ ಅದೇ ಗೋಡೆ.