ಬೊಂಬೆಯ ಪುಟದಿಂದ ನಾನು ತೆಗೆದ ಸಾಲು

ಚನ್ನಪಟ್ಟಣದಲ್ಲಿ ನಮ್ಮ ದೊಡ್ಡಮ್ಮನದು ಬೊಂಬೆ ಮಾಡುವ ಸಣ್ಣ ಕಾರ್ಖಾನೆ. ಎಳೆ ಮಕ್ಕಳು ಚೀಪುವ ಗಿಲಕಿಗೆ ಅರಗಿನ ಬಣ್ಣ, ಷೋಕೇಸಿನ ಬೊಂಬೆಗೆ ಅಂಗಡಿ ಪೇಂಟು. ಹೊಸದಾಗಿ ಬಣ್ಣ ಹಾಕಿದಾಗಲೆಲ್ಲ ಒಂದು ಗಿಲಕಿಯನ್ನು ತಾನೇ ಬಾಯಿಗಿಟ್ಟು ಚೀಪಿ, ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡ ಮೇಲೆಯೇ ಮಾರಾಟಕ್ಕೆ ಬಿಡುತ್ತಾಳೆ.

ರಾಮನಗರದಲ್ಲಿ ಕೂತು ಅಂಗಡಿ, ಹೋಟೆಲುಗಳಿಗೆ ವೆಬ್‌ಸೈಟ್ ಮಾಡಿಕೊಡುವವಳು ನಾನು. ಅವಳದನ್ನೂ ಮಾಡಿದೆ.

"ಏನಾರ ಮಾಡ್ಕೊ ಮಗ. ಪೇಂಟ್ ಬೊಂಬೆ ಕೂಸ್ಗಳ ಕೈಗೆ ಕೊಡ್ಬ್ಯಾಡಿ ಅಂತ ಮೊದ್ಲೇ ಬರ್ದ್ಬುಡು," ಎಂದಳು.

ಬರೆದೆ. ಪರದೆಯ ತುಂಬ ಪೇಂಟಿನ ಕೆಂಪು ಕುದುರೆ, ಸುತ್ತ ಖಾಲಿ ಬಿಳಿ, ಕೆಳಗೆ ಈ ಸಾಲು. ಮದುವೆಮನೆಯಲ್ಲಿ ಸೂತಕದ ಮಾತು ತೆಗೆದ ಹಾಗೆ ಕಂಡಿತು. ಅಳಿಸಿ ಹಾಕಿದೆ. ಏನು ಕೊಬ್ಬು ನನಗೆ! ನೋಡಿದವರೆಲ್ಲ ಹೊಗಳಿದರು, ನಾನೂ ಉಬ್ಬಿದೆ.

ಎರಡು ತಿಂಗಳಾಗಿರಬೇಕು, ಅವತ್ತು ನಾನೂ ಕಾರ್ಖಾನೆಗೆ ಬಂದಿದ್ದೆ. ಕನಕಪುರದಿಂದ ಒಬ್ಬಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಕೈಯಲ್ಲಿ ವೆಬ್‌ಸೈಟ್ ನೋಡಿ ತರಿಸಿಕೊಂಡ ಅದೇ ಕೆಂಪು ಕುದುರೆ, ಮೂತಿಯ ಬಣ್ಣ ಎದ್ದುಹೋಗಿತ್ತು. ಕೂಸು ಅದನ್ನು ಚೀಪಿ, ವಾಂತಿಯಾಗಿ, ಎರಡು ದಿನ ಆಸ್ಪತ್ರೆಯಲ್ಲಿತ್ತಂತೆ.

ದೊಡ್ಡಮ್ಮನ ಮುಖ ಬಿಳುಚಿಕೊಂಡಿತು. "ಅಯ್ಯೋ ಶಿವನೇ! ಇದ್ನ ಕೂಸ್ಗೆ ಕೊಡ್ಬ್ಯಾಡಿ ಅಂತ ಬರ್ಸಿದ್ನಲ್ಲವ್ವ!" ನನ್ನ ಕಡೆ ತಿರುಗಿದಳು. "ಬರ್ದಿದ್ದೀಯ ತಾನೆ ಮಗ?"

"ಹೂಂ," ಎಂದೆ.

"ಅಂಗೇನೂ ಇರ್ನಿಲ್ಲ," ಎಂದಳು ಆ ತಾಯಿ. ಅಷ್ಟರಲ್ಲಿ ಕೂಸು ರಚ್ಚೆ ಹಿಡಿಯಿತು. ಮನೆಗೆ ಹೋಗಿ ಆ ಪುಟ ತೆಗೆದು ನೋಡಿ ಫೋನ್ ಮಾಡುತ್ತೇನೆ ಎಂದು ಸಿಟ್ಟಿನಲ್ಲೇ ಹೊರಟಳು.

ಅವಳು ಬಸ್‌ಸ್ಟ್ಯಾಂಡ್ ಮುಟ್ಟುವ ಮುಂಚೆಯೇ ನಾನು ಲ್ಯಾಪ್‌ಟಾಪ್ ತೆಗೆದು ಆ ಸಾಲನ್ನು ದಪ್ಪಕ್ಷರದಲ್ಲಿ ಹಾಕಿದೆ. ಎರಡು ನಿಮಿಷದ ಕೆಲಸ. ಪುಟದ ಅಂದವೇನೂ ಕೆಡಲಿಲ್ಲ, ಥೂ.

ಸಂಜೆ ಅವಳು ಫೋನ್ ಮಾಡಿದಳು. ದೊಡ್ಡಮ್ಮ ಸ್ಪೀಕರಿಗೆ ಹಾಕಿದಳು. ಆ ತಾಯಿ ಅಳುತ್ತಿದ್ದಳು.

"ಐತೆ ಕಣಮ್ಮ, ಮುಂದ್ಗಡೇನೆ ಐತೆ. ನಾನೇ ನೋಡ್ನಿಲ್ಲ. ಸುಮ್ಕೆ ನಿಮ್ಮನ್ನ ಅಂದ್ಬುಟ್ಟೆ. ನನ್ ಕೈಯಾರ ನಾನೇ ಕೊಟ್ಟೆ ನನ್ ಕೂಸ್ಗೆ."

"ಅಳ್ಬ್ಯಾಡ ಸುಮ್ಕಿರವ್ವ, ಯಾರ್ ಕಣ್ಣಾದ್ರೂ ತಪ್ತದೆ," ಎಂದು ದೊಡ್ಡಮ್ಮ ಸಮಾಧಾನ ಹೇಳಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಅವಳು ಅತ್ತು ಮುಗಿಸಿ ಫೋನ್ ಇಡುವವರೆಗೂ ಬಾಯಿ ಬಿಡಲಿಲ್ಲ.