ಅಡ್ಡ ಮಲಗಿದ ಡ್ರ್ಯಾಗನ್

ಬೀದಿಯ ಕೊನೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವನಿಗೆ ಚಕ್ರವರ್ತಿ ಎಂದು ಅಡ್ಡಹೆಸರು. ರಾಜ್ಯವೇನೂ ಇರಲಿಲ್ಲ. ಕಿರುಗುಟ್ಟುವ ಶಟರು, ಗಾಜು ಕೊಯ್ಯುವ ವಜ್ರದ ಕಡ್ಡಿ, ಮೂಲೆಗೆ ಒರಗಿಸಿಟ್ಟ ಮರದ ಪಟ್ಟಿಗಳು, ಮೂಗಿನ ತುದಿಯಲ್ಲಿ ಕೋಪ, ಇಷ್ಟೇ ಆಸ್ತಿ. ಅವನನ್ನು ಪಟ್ಟಕ್ಕೇರಿಸಿದ್ದು ಕಾರ್ಡಿನ ಆಟ. ಇಸ್ಪೀಟಲ್ಲ; ಹಾಗೆಂದವರನ್ನು ಆತ ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಪೊಟ್ಟಣದಲ್ಲಿ ಬರುವ ಬಣ್ಣದ ಕಾರ್ಡುಗಳು. ಒಂದರಲ್ಲಿ ರಾಣಿ, ಒಂದರಲ್ಲಿ ಮಂತ್ರವಾದಿ, ಒಂದರಲ್ಲಿ ಡ್ರ್ಯಾಗನ್. ಕೆಳಗೆ ಎರಡು ಅಂಕಿ: ಎಷ್ಟು ಹೊಡೆಯಬಲ್ಲದು, ಎಷ್ಟು ತಡೆಯಬಲ್ಲದು. ಒಮ್ಮೆ ಹೊಡೆದ ಕಾರ್ಡನ್ನು ಅಡ್ಡ ತಿರುಗಿಸಿಡಬೇಕು. ಅದಕ್ಕೆ ದಣಿವಾಗಿದೆ, ಮುಂದಿನ ಸರದಿಯವರೆಗೆ ಏಳುವಂತಿಲ್ಲ ಎಂದರ್ಥ.

ಈ ಆಟದಲ್ಲಿ ಚಕ್ರವರ್ತಿ ಸೋತದ್ದನ್ನು ಕಂಡವರಿಲ್ಲ. ಗೆದ್ದ ಮೇಲೆ ಬಾಯಿ ಮುಚ್ಚಿಕೊಂಡಿದ್ದನ್ನು ಕಂಡವರೂ ಇಲ್ಲ. ಸೋತವನು ಎಲ್ಲಿ ಎಡವಿದ ಎಂದು ಪಾಠ ಹೇಳುವನು. ಅವನು ಎದ್ದು ಹೊರಟರೆ ಬಾಗಿಲವರೆಗೂ ಹಿಂದೆ ಬಂದು ಹೇಳುವನು. ಮೊದಲು ಔಷಧಿ ಅಂಗಡಿಯವನು ಬರುವುದು ಬಿಟ್ಟ. ಆಮೇಲೆ ಒಬ್ಬೊಬ್ಬರೇ ಜಾರಿಕೊಂಡರು. ಭಾನುವಾರದ ಮೇಜಿಗೆ ಉಳಿದವರು ಇಬ್ಬರು: ಹೆಂಡತಿಯ ತಮ್ಮ, ಮತ್ತು ಎದುರಂಗಡಿಯ ಟೈಲರಮ್ಮ. ಅವರಿಗೂ ಬೇಕರಿಯ ಹಿಂದಿನ ಕೋಣೆಯಿಂದ ಕರೆ ಬಂದಿತ್ತು. ಅಲ್ಲಿ ನಡೆಯುವುದು ಕಥೆಯ ಆಟ. ಒಬ್ಬ ಕೂತು ಒಂದು ಲೋಕವನ್ನು ಹೇಳುತ್ತ ಹೋಗುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂದು ದಾಳ ತೀರ್ಮಾನಿಸುತ್ತದೆ.

"ಅಲ್ಲಿ ಯಾರೂ ಗೆಲ್ಲಲ್ವಂತೆ ಭಾವ, ಎಷ್ಟು ನೆಮ್ಮದಿ!" ಎಂದ ಭಾಮೈದ.

"ಗೆಲ್ಲದೇ ಇರೋದಕ್ಕೆ ಆಟ ಯಾಕೋ ಬೇಕು? ಮನೇಲಿ ಗೊರಕೆ ಹೊಡೀರಿ!"

ಬೈದನೇನೋ ಬೈದ. ಆದರೆ ಇವರಿಬ್ಬರೂ ಹೋದರೆ ಗೋಡೆಯ ಮೇಲಿನ ಕಟ್ಟುಗಳೇ ಗತಿ. ಅವುಗಳಲ್ಲಿದ್ದವರೂ ಯಾರದ್ದೋ ಅಜ್ಜ ಅಜ್ಜಿಯರು, ಮನೆಯವರು ಒಯ್ಯಲು ಮರೆತವರು.

"ಆ ಬೇಕರಿಯವನಿಗೇನು ಗೊತ್ತು? ನಮ್ಮ ಕಾರ್ಡಿನ ಲೋಕಾನೇ ಕಥೆಯ ಆಟ ಮಾಡ್ತೀನಿ. ಬರೋ ಭಾನುವಾರ ಬನ್ನಿ."

"ಒಂದೇ ಸಲ ನೋಡಿ ಭಾವ. ಕೂಗಾಡಿದ್ರೆ ನಾವು ಬೇಕರಿಗೆ."

ಆ ವಾರ ಗಿರಾಕಿಗಳ ಕೆಲಸವೆಲ್ಲ ಮೂಲೆ ಸೇರಿತು. ಪ್ಲೈವುಡ್ಡಿನ ಮೇಲೆ ಊರು ಬರೆದ, ಗಾಜಿನ ಚೂರು ಅಂಟಿಸಿ ನದಿ ಹರಿಸಿದ, ಮರದ ಪಟ್ಟಿ ಕೊಯ್ದು ಸೇತುವೆ ಕಟ್ಟಿದ. ನೋಡಿದರೆ ಕಣ್ಣು ತುಂಬಬೇಕು, ಹಾಗಿತ್ತು. ಊರಿನೊಳಗೆ ಯಾರಿರಬೇಕೆಂದು ಮಾತ್ರ ಅವನು ಯೋಚಿಸಲಿಲ್ಲ. ಇದ್ದ ಕಾರ್ಡುಗಳನ್ನೆಲ್ಲ ಸುರಿದ.

ಭಾನುವಾರ ಭಾಮೈದ ಕುದುರೆಗಳ್ಳನಾದ, ಟೈಲರಮ್ಮ ಗೂಢಚಾರಿ ಮುದುಕಿಯಾದಳು. ಹೆಂಡತಿ ಪಕ್ಕದಲ್ಲಿ ಕಟ್ಟುಗಳ ಹಿಂಬದಿಗೆ ರಟ್ಟು ಕೂರಿಸುತ್ತಿದ್ದಳು. ಅರಮನೆಯ ಬಾಗಿಲು ತೆರೆದರೆ ಒಂದೇ ಮುಖದ ಮೂವರು ರಾಣಿಯರು.

"ಇವರಲ್ಲಿ ರಾಣಿ ಯಾರಣ್ಣಾ?" ಎಂದಳು ಟೈಲರಮ್ಮ.

"ಮೂವರೂ."

"ಅಕ್ಕತಂಗೀರಾ?"

"ಅಲ್ಲಮ್ಮಾ, ಒಬ್ಬಳೇ! ಒಂದೇ ಕಾರ್ಡು ಮೂರು ಇಟ್ಕೋಬಹುದು ಅಂತ ನಿಯಮ ಇದೆ. ನನ್ನ ಹತ್ರ ಮೂರಿದೆ."

"ಪಾಪ, ಆ ರಾಜ!" ಎಂದಳು ಹೆಂಡತಿ, ರಟ್ಟಿನಿಂದ ತಲೆಯೆತ್ತದೆ.

"ಇರ್ಲಿ. ನನ್ನ ಮುದುಕಿಗೆ ಹಸಿವು. ಊಟ ಎಲ್ಲಿ ಸಿಗುತ್ತೆ?"

ಚಕ್ರವರ್ತಿ ಕಾರ್ಡುಗಳನ್ನು ತಡಕಿದ. ತೋಳಮನುಷ್ಯರಿದ್ದರು, ಹೆಣ ಎಬ್ಬಿಸುವವರಿದ್ದರು, ಅನ್ನ ಬೇಯಿಸುವವರು ಇರಲಿಲ್ಲ. "ಊಟದ ಕಾರ್ಡಿಲ್ಲ."

"ಬಟ್ಟೆ ಹೊಲಿಯೋರು?"

"ಇಲ್ಲ ಅಂದ್ನಲ್ಲ!"

"ಮತ್ತೆ ರಾಣಿಯ ಈ ನಿಲುವಂಗಿ ಯಾರು ಹೊಲಿದ್ರು? ನೆರಿಗೆ ನೋಡಿ ಎಷ್ಟು ಚೆನ್ನಾಗಿ ಹಿಡಿದಿದಾರೆ. ಸುಮ್ನೆ ಆಗುತ್ತಾ?"

ಚಕ್ರವರ್ತಿ ಹಲ್ಲು ಕಚ್ಚಿದ. ಇರಲಿ, ಸೇತುವೆಗೆ ಬರಲಿ, ಅಲ್ಲಿ ಡ್ರ್ಯಾಗನ್ ಇದೆ. ಹೊಡೆತ ಒಂಬತ್ತು, ತಡೆ ಒಂಬತ್ತು. ಸೇತುವೆ ಬಂತು, ದಾಳ ಉರುಳಿತು, ಡ್ರ್ಯಾಗನ್ ಬೆಂಕಿಯುಗುಳಿ ಕುದುರೆಗಳ್ಳನ ಟೋಪಿ ಸುಟ್ಟಿತು. ಚಕ್ರವರ್ತಿ ಮೀಸೆ ತಿರುವಿ, ವರ್ಷಗಳ ಅಭ್ಯಾಸದಂತೆ, ಕಾರ್ಡನ್ನು ಅಡ್ಡ ತಿರುಗಿಸಿಟ್ಟ.

ಭಾಮೈದ ಬಗ್ಗಿ ನೋಡಿದ. "ಈಗ ಅದು ಮಲಗ್ತಾ ಭಾವ?"

"ದಣಿದಿದೆ."

"ಮುಂದಿನ ಸರದಿವರೆಗೂ ಏಳಲ್ಲ?"

"ಏಳಲ್ಲ. ನಿಯಮ ಅಂದ್ರೆ ನಿಯಮ."

"ಹಾಗಾದ್ರೆ ನಾವು ಬಾಲ ದಾಟ್ಕೊಂಡು ಹೋಗ್ತೀವಿ. ಬನ್ನಿ ಟೈಲರಮ್ಮಾ, ಮೆತ್ತಗೆ, ತುಳಿದುಬಿಟ್ಟೀರಿ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಚಕ್ರವರ್ತಿಗೆ ಮೈಯೆಲ್ಲ ಉರಿಯಿತು. ನಿಯಮ ಮುರಿಯೋಣವೆಂದರೆ ಜನ್ಮದಲ್ಲಿ ಮುರಿದವನಲ್ಲ. ಪಾಲಿಸೋಣವೆಂದರೆ ಮರ್ಯಾದೆ ಹೋಗುತ್ತದೆ. ಮೇಜು ಗುದ್ದಿದ. ಗಾಜಿನ ನದಿ ಎರಡು ಹೋಳಾಯಿತು.

"ನಿಮಗೆ ಆಟ ಆಡೋ ಯೋಗ್ಯತೇನೇ ಇಲ್ಲ! ಎಲ್ಲಿ ಎಡವಿದ್ರಿ ಗೊತ್ತಾ? ಮೊದಲೇ..."

ಭಾಮೈದ ಎದ್ದ. ಟೈಲರಮ್ಮ ಚೀಲ ಹೆಗಲಿಗೇರಿಸಿದಳು. ಶಟರಿನವರೆಗೆ ಹೋದರು.

ಆಗ ಹೆಂಡತಿ ರಟ್ಟು ಕೆಳಗಿಟ್ಟು, ಪ್ಲೈವುಡ್ಡಿನತ್ತ ಬಗ್ಗಿ ಕಾರ್ಡನ್ನೇ ಕೇಳಿದಳು: "ಏನಪ್ಪಾ ಡ್ರ್ಯಾಗನ್ನು, ಎಲ್ರೂ ಹೋಗ್ತಿದಾರೆ. ಸೇತುವೆ ಮೇಲೆ ನೀನು ಯಾರಿಗೆ ಕಾಯ್ತಿದೀಯ?"

"ಸುಮ್ನಿರೇ..." ಎಂದವನು ಕಾರ್ಡು ಎತ್ತಿ ನೋಡಿದ. ಒಂಬತ್ತು, ಒಂಬತ್ತು. ತಿರುಗಿಸಿ ಬೆನ್ನು ನೋಡಿದ. ಉತ್ತರ ಎಲ್ಲೂ ಅಚ್ಚಾಗಿರಲಿಲ್ಲ. ಶಟರಿನ ಹತ್ತಿರ ಚಪ್ಪಲಿ ಹುಡುಕುವ ಸದ್ದು ಕೇಳುತ್ತಿತ್ತು. ಕಾರ್ಡನ್ನು ಮತ್ತೆ ಅಡ್ಡವಾಗಿಯೇ ಇಟ್ಟು, ತನ್ನದಲ್ಲದ ಸಣ್ಣ ದನಿಯಲ್ಲಿ ಹೇಳಿದ:

"ಯಾರಾದ್ರೂ ಬರ್ತಾರೆ ಅಂತ."

"ಬಂದೋರನ್ನ ಸುಟ್ಟುಬಿಡ್ತೀಯಲ್ಲ ಮತ್ತೆ!"

"ಅದೊಂದು ಚಾಳಿ."

ಭಾಮೈದ ಕಿಸಕ್ಕೆಂದ. ಚಪ್ಪಲಿ ಬಿಟ್ಟು ಬಂದು ಕುರ್ಚಿಯಂಚಿನಲ್ಲಿ ಕೂತ. ಟೈಲರಮ್ಮ ನಿಂತೇ ಇದ್ದಳು. ಚೀಲ ಹೆಗಲಲ್ಲೇ ಇತ್ತು.

"ನನ್ನ ಮುದುಕಿ ಸೇತುವೆಯಿಂದ ವಾಪಸ್ ಬರ್ತಾಳೆ. ಅವಳ ಹತ್ರ ಒಂದು ಕಂಬಳಿ ಇದೆ. ಡ್ರ್ಯಾಗನ್ನಿಗೆ ಹೊದಿಸ್ತಾಳೆ."

"ಮೈಯೆಲ್ಲ ಬೆಂಕಿ ಇರೋ ಪ್ರಾಣಿಗೆ ಕಂಬಳಿನಾ? ತಲೆ ಇದೆಯೇನ್ರೀ ನಿಮಗೆ?"

"ಹಾಗಾದ್ರೆ ಬೇಡ್ವಾ ಅಣ್ಣಾ?"

ಚಕ್ರವರ್ತಿ ಅವಳ ಹೆಗಲ ಚೀಲ ನೋಡಿದ. ಅಡ್ಡ ಮಲಗಿದ್ದ ಕಾರ್ಡನ್ನು ನೋಡಿದ.

"ಬೇಡ ಅಂತ ಕಾರ್ಡಲ್ಲಿ ಎಲ್ಲೂ ಬರೆದಿಲ್ಲ," ಎಂದ. "ತನ್ನಿ."