ಅಕ್ಕನೂರಿನ ಕೋಡಿಗೆ ಮೊದಲ ಗುದ್ದಲಿ

ಚಿತ್ತೆ ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ಜಯನಗರದ ನಮ್ಮ ಮನೆಗೆ ಹಾಲು ತರುವ ಮುನಿಸ್ವಾಮಿ ಅವತ್ತು ಬೆಳಿಗ್ಗೆ ಹಾಲಿನ ಜೊತೆ ಎರಡು ಸುದ್ದಿಯನ್ನೂ ಹೊತ್ತು ತಂದ. ಅಕ್ಕನೂರಿನ ಕೆರೆ ಏರಿಯ ಅಂಚಿಗೆ ಬಂದಿದೆ, ಖಾಲಿ ಗೋಣಿಚೀಲ ಸಿಕ್ಕಷ್ಟು ತರಬೇಕಂತೆ ಎನ್ನುವುದು ಒಂದು. ಕೋಡಿ ಬಿಡಿಸಲು ಆ ಊರಿಗೆ ಕೊಟ್ಟ ನಮ್ಮಕ್ಕ ಒಪ್ಪುತ್ತಿಲ್ಲ, ಮೇಷ್ಟ್ರಾದ ನಾನು ಬಂದು ನಾಲ್ಕು ಮಾತು ಬುದ್ಧಿ ಹೇಳಬೇಕಂತೆ ಎನ್ನುವುದು ಇನ್ನೊಂದು. ಗೋಣಿಚೀಲ ತರುವುದು ನನ್ನ ಕೈಲಾಗುವ ಕೆಲಸ. ನಮ್ಮಕ್ಕನಿಗೆ ಬುದ್ಧಿ ಹೇಳಿ ಗೆದ್ದವರನ್ನು ನಾನು ಕಂಡಿಲ್ಲ.

ಶಾಲೆಗೆ ರಜಾ ಹೇಳಿ ಕಳಿಸಿ ಬ್ಲಾಕಿನ ಮನೆ ಮನೆಗೂ ಹೋದೆ. ದಿನಸಿ ಅಂಗಡಿಯ ಶೆಟ್ಟರು ಮೂಲೆಯಲ್ಲಿ ಒಟ್ಟಿದ್ದ ಚೀಲಗಳನ್ನೆಲ್ಲ ಕೊಟ್ಟರು. ಎದುರು ಮನೆಯ ರಿಟೈರ್ಡ್ ಇಂಜಿನಿಯರು ಒಂದೇ ಒಂದು ಚೀಲ ಕೊಟ್ಟು, ಏರಿ ಹೇಗೆ ಕಟ್ಟಬೇಕಿತ್ತು ಎಂದು ಗೇಟಿನಲ್ಲಿ ನಿಲ್ಲಿಸಿಕೊಂಡು ಪಾಠ ಮಾಡಿದರು. ಚೀಲಗಳನ್ನು ಹೊರೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ಬನ್ನೇರುಘಟ್ಟದ ರಸ್ತೆಗೆ ನಡೆದು ಬಸ್ಸು ಹಿಡಿದೆ. ಟಿಕೀಟು ಇಪ್ಪತ್ತು ನಯಾಪೈಸೆ. ಹೊರೆಗೆ ಲಗೇಜು ಕೊಡಬೇಕೆಂದು ಕಂಡಕ್ಟರು ಪಟ್ಟು ಹಿಡಿದ. ಕೆರೆ ಏರಿಗೆ ಕಣಯ್ಯಾ ಎಂದೆ. ಅವನದೂ ಆ ಕಡೆಯ ಊರೇ ಇರಬೇಕು, ಮಾತಾಡದೆ ಹೊರೆಯನ್ನು ತಾನೇ ಎತ್ತಿ ಡ್ರೈವರನ ಹಿಂದೆ ಇಟ್ಟ.

ಬಿಳೇಕಹಳ್ಳಿ ದಾಟಿದ ಮೇಲೆ ರಸ್ತೆಗೆ ಅಡ್ಡ ಹಳ್ಳ ಹರಿಯುತ್ತಿತ್ತು. ಬಸ್ಸು ಅಲ್ಲೇ ನಿಂತಿತು. ಪಕ್ಕದ ಗುಡಿಸಲಂಗಡಿಯಲ್ಲಿ ಬಿಸಿ ಬೋಂಡ ತಿಂದು ಟೀ ಕುಡಿದು, ಪಂಚೆ ಎತ್ತಿ ಕಟ್ಟಿ, ಎಡಕ್ಕೂ ಬಲಕ್ಕೂ ಜಾರುತ್ತ ಹುಳಿಮಾವಿನ ದಾರಿ ಹಿಡಿದೆ. ಅಕ್ಕನೂರು ಅಲ್ಲಿಂದ ಇನ್ನೂ ಒಂದು ಮೈಲಿ ಆಚೆ. ತಲೆಯ ಮೇಲಿನ ಗೋಣಿ ನೆನೆದು ಕತ್ತು ಬಿದ್ದುಹೋಯಿತು. ಹುಟ್ಟಿದ ಮನೆಯ ಋಣಕ್ಕಿಂತ ಅಕ್ಕನ ಮನೆಯ ಋಣ ಭಾರ ಎಂದು ಗೊಣಗಿಕೊಂಡೇ ನಡೆದೆ.

ಊರಿನ ಸಂಗತಿ ಇಷ್ಟು. ಕೆರೆ ತುಂಬಿದಾಗ ಹೆಚ್ಚಿನ ನೀರು ತಾನಾಗಿ ಹೋಗಲಿ ಎಂದು ಹಿಂದಿನವರು ಏರಿಯ ತುದಿಯಲ್ಲಿ ಕೋಡಿ ಬಿಟ್ಟಿದ್ದರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಊರವರೆಲ್ಲ ಸೇರಿ, ಇನ್ನೊಂದು ಮೊಳ ನೀರು ನಿಲ್ಲಲಿ ಎಂದು ಆ ಕೋಡಿಗೆ ಕಲ್ಲುಮಣ್ಣು ಒಟ್ಟಿ ಮುಚ್ಚಿದ್ದರು. ಅಕ್ಕನೂ ಮಣ್ಣು ತುಂಬಿದ ಮಂಕರಿ ಹೊತ್ತಿದ್ದಳು. ಕೋಡಿಯ ಹಳ್ಳ ಒಣಗಿತು, ಹಳ್ಳದಂಚಿನ ಅವಳ ತಗ್ಗು ಜಮೀನು ಒಳ್ಳೇ ಗದ್ದೆಯಾಯಿತು. ಭಾವ ತೀರಿಕೊಂಡ ಮೇಲೆ ಅವಳ ವರ್ಷದ ಅನ್ನ ಅಷ್ಟೂ ಆ ಗದ್ದೆಯದೇ. ಈಗ ಏರಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ಕೋಡಿ ಬಿಡಿಸಿದರೆ ಅಕ್ಕನ ಪೈರು ಹೋಗುತ್ತದೆ, ಬಿಡಿಸದಿದ್ದರೆ ಏರಿ ಹೋಗಿ ಊರೂ ಊರಿನ ಬಯಲೂ ಹೋಗುತ್ತವೆ.

ಸರ್ಕಾರದವರು ಆಗಲೇ ಬಂದಿದ್ದರು. ಅಪಾಯ ಕಂಡರೆ ಪಟೇಲರು ತಾಲ್ಲೂಕು ಕಚೇರಿಗೆ ಆಳು ಓಡಿಸಬೇಕು, ಊರವರು ಮಣ್ಣು ಹೊರಬೇಕು, ಕಚೇರಿಯವರು ಓವರ್ಸಿಯರನ್ನೂ ಹಾರೆ ಗುದ್ದಲಿಗಳನ್ನೂ ಕಳಿಸಬೇಕು, ತಮಟೆ ಬಿಡದೆ ಬಡಿದರೆ ಮಕ್ಕಳು ಮುದುಕರು ದಿಣ್ಣೆಯ ಶಾಲೆ ಸೇರಬೇಕು ಎಂದು ಬೇಸಿಗೆಯಲ್ಲೇ ಮಾತಾಗಿತ್ತಂತೆ. ಎಲ್ಲ ಹಾಗೆಯೇ ನಡೆದಿತ್ತು. ಶಾಲೆಯಲ್ಲಿ ಒಲೆ ಹೂಡಿ ಮುದ್ದೆ ತೊಳಸುತ್ತಿದ್ದರು, ಜೀಪಿನಲ್ಲಿ ತಾಲ್ಲೂಕಿನ ಅಮಲ್ದಾರರೇ ಬಂದಿದ್ದರು. ಊರವರು ನನ್ನ ಚೀಲಗಳನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಮಣ್ಣು ತುಂಬಲು ಕೂತರು.

ಕೆಲಸ ನಿಂತದ್ದು ಒಂದೇ ಒಂದು ಕಡೆ. ಕೋಡಿ ಬಿಡಿಸುವಾಗ ಯಾರ ಪೈರು ಮುಳುಗುತ್ತದೋ ಅವರ ಕೈಯಿಂದಲೇ ಮೊದಲ ಗುದ್ದಲಿ ಬೀಳಬೇಕು. ಆಮೇಲೆ ಮನೆಗೊಬ್ಬರು. ಸುಗ್ಗಿಯಲ್ಲಿ ಪೈರು ಕಳೆದುಕೊಂಡವರ ಮನೆಗೆ ಊರಿನ ಪ್ರತಿ ಮನೆಯಿಂದ ಒಂದು ಮಂಕರಿ ಭತ್ತ. ಇದು ಆ ಊರಿನ ಕಟ್ಟುಪಾಡು. ನಾಳೆ ಯಾರೂ ಯಾರಿಗೂ ನೀನು ನನ್ನ ಅನ್ನ ಕಳೆದೆ ಅನ್ನಬಾರದು. ಆಳು ಬಿಟ್ಟು ಒಡೆಸಿಬಿಡುತ್ತೇನೆ ಎಂದು ಓವರ್ಸಿಯರು ಎಗರಾಡಿದರೆ, ಕರೆದುಕೊಂಡು ಬಂದಿದ್ದ ಆಳುಗಳೇ ಗುದ್ದಲಿ ಕೆಳಗಿಟ್ಟರಂತೆ. ಅವರೂ ಆ ಸೀಮೆಯವರೇ ತಾನೆ.

ಅಕ್ಕ ಮನೆಯಲ್ಲಿದ್ದಳು. ಸೀರೆ ಮೊಣಕಾಲುವರೆಗೂ ಕೆಸರಾಗಿತ್ತು. ಗೋಡೆಯ ಗೂಟದಲ್ಲಿ ಬಾಯಿ ಕಟ್ಟಿದ ಬಟ್ಟೆ ಚೀಲವೊಂದು ತೊಟ್ಟಿಕ್ಕುತ್ತ ನೇತಾಡುತ್ತಿತ್ತು. ಸೊಪ್ಪು ಕಿತ್ತು ಬಂದಿದ್ದಾಳೆ ಅಂದುಕೊಂಡೆ. ಅದರ ಕೆಳಗೇ ಗೋಡೆಗೆ ಒರಗಿ ಕೂತು ಶುರು ಮಾಡಿದೆ. ನೂರು ಮನೆ ಉಳಿಯಲು ಒಂದು ಗದ್ದೆ ಹೋಗಲಿ ಅಂದೆ. ಒಂದು ವರ್ಷ ಜಯನಗರಕ್ಕೆ ಬಂದು ನಮ್ಮ ಜೊತೆ ಇರು ಅಂದೆ. ತರಗತಿಯಲ್ಲೂ ನಾನು ಅಷ್ಟು ಚೆನ್ನಾಗಿ ಮಾತಾಡಿದ್ದಿಲ್ಲ. ಅವಳು ಮುದ್ದೆ, ಹುರುಳಿ ಸಾರು ಮುಂದಿಟ್ಟು, ಮೊದಲು ಉಣ್ಣು ಅಂದಳು. ಉಂಡಾದ ಮೇಲೆ, ನಡಿ ಅಂದಳು.

ಕೋಡಿಯ ಹತ್ತಿರ ಜನ ದಾರಿ ಬಿಟ್ಟರು. ಅಕ್ಕ ಸೀದಾ ಅಮಲ್ದಾರರ ಮುಂದೆ ಹೋಗಿ ನಿಂತಳು. ಮೂವತ್ತು ದಾಟದ ಹುಡುಗ ಆತ, ಷೂಗೆಲ್ಲ ಕೆಸರು ಮೆತ್ತಿತ್ತು.

"ಸ್ವಾಮಿ, ಕೆರೆ ಸರ್ಕಾರದ್ದು ಅಂತೀರಿ. ಊರಿನ ಒಂದೊಂದು ಮನೇನೂ ನನಗೆ ಪಾಲು ಕೊಡ್ತದೆ. ಹಂಗಾದ್ರೆ ಸರ್ಕಾರನೂ ಈ ಊರಲ್ಲಿ ಒಂದು ಮನೆ ತಾನೆ? ಅದರ ಮಂಕರಿ ಎಲ್ಲಿ?"

ಓವರ್ಸಿಯರು ಗದರಲು ಹೋದರು. ಅಮಲ್ದಾರರು ಕೈ ಅಡ್ಡ ಹಿಡಿದು ತಡೆದರು. ಏರಿಯ ಬುಡದಲ್ಲಿ ಜಿನುಗುವ ನೀರು ಕೆಂಪಾಗುತ್ತಿದೆ, ಏರಿಯ ಮಣ್ಣು ಕರಗುತ್ತಿದೆ ಎಂದು ಯಾರೋ ಕೂಗಿ ಹೇಳಿದರು.

"ಬಿತ್ತನೆ ಭತ್ತ ಕೊಡೋದು ನನ್ನ ಕೈಲಿದೆ ಅಮ್ಮ, ಮುಂದಿನ ಹಂಗಾಮಿಗೆ ಮೂಟೆ ಕಳಿಸ್ತೀನಿ. ಕಂದಾಯ ಬಿಡೋದು ನನ್ನ ಕೈಲಿಲ್ಲ. ಮೇಲಿನವರಿಗೆ ಬರೀತೀನಿ. ಅವರು ಬಿಡ್ತಾರೆ ಅಂತ ಸುಳ್ಳು ಹೇಳಲ್ಲ."

"ಕೈಲಿರೋದು ಕೊಡಿ, ಸಾಕು" ಅಂದಳು ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುದ್ದಲಿ ತೆಗೆದುಕೊಂಡು, ಗಂಗಮ್ಮನಿಗೆ ಕೈ ಮುಗಿದು ಒಂದೇಟು ಹಾಕಿದಳು. ಆಮೇಲೆ ಗುದ್ದಲಿ ನೆಲಕ್ಕಿಟ್ಟು ಪಕ್ಕಕ್ಕೆ ಬಂದಳು, ಗದ್ದೆಯ ಕಡೆ ತಿರುಗಲಿಲ್ಲ. ಪಟೇಲರು ಒಂದೊಂದೇ ಮನೆಯ ಹೆಸರು ಹಿಡಿದು ಕರೆದರು, ಮನೆಯವರು ಬಂದು ಏಟು ಹಾಕಿದರು. ಕೊನೆಗೆ ಪಟೇಲರು ಗಂಟಲು ಸರಿಮಾಡಿಕೊಂಡು, "ಸರ್ಕಾರದ ಮನೆ" ಅಂದರು. ಜನ ನಕ್ಕರು. ಅಮಲ್ದಾರರೂ ನಕ್ಕು, ಪ್ಯಾಂಟು ಮಡಿಸಿ, ಗುದ್ದಲಿ ಹಿಡಿದರು. ಪಾಪ, ಏಟು ಕಲ್ಲಿಗೆ ಬಿದ್ದು ಕೈ ಜುಮ್ಮೆಂದಿರಬೇಕು. ಆದರೂ ಇನ್ನೆರಡು ಹಾಕಿದರು.

ಅಷ್ಟಾದ ಮೇಲೆ ಆಳುಗಳು ಕೈ ಹಚ್ಚಿದರು. ಮೊದಲು ಒಂದು ಸೆಲೆಯಷ್ಟು ನೀರು ಬಂತು, ಆಮೇಲೆ ಕಲ್ಲು ಮಣ್ಣು ಎಲ್ಲವನ್ನೂ ಎಳೆದುಕೊಂಡು ಕೆರೆಯೇ ಹೊರಟಿತು. ಹಾಲುಗಟ್ಟಿದ್ದ ಪೈರು ನೋಡುನೋಡುತ್ತಿದ್ದಂತೆ ಮಲಗಿತು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಇಳಿಹೊತ್ತಿಗೆ ಕೆರೆ ಏರಿಯಿಂದ ಒಂದು ಮೊಳ ಇಳಿದಿತ್ತು. ತಮಟೆ ನಿಂತಿತು.

ಪೈರು ಮುಳುಗಿದ ಮನೆಯವರು ಆ ರಾತ್ರಿ ಒಲೆ ಹಚ್ಚಬಾರದು, ಊಟ ಊರಿನದೇ ಎನ್ನುವುದೂ ಆ ಊರಿನ ಕಟ್ಟುಪಾಡು. ಹೆಂಗಸರು ಒಬ್ಬೊಬ್ಬರೇ ಮುಚ್ಚಿದ ತಟ್ಟೆ ತಂದು ಜಗಲಿಯ ಮೇಲಿಡುತ್ತಿದ್ದರು. ಜೊತೆಗೆ ಬಾ ಎಂದು ಮತ್ತೆ ಕರೆದೆ. ನೀರಿಳಿದ ಮೇಲೆ ಗದ್ದೆಯ ಮರಳು ಎತ್ತುವವರು ಯಾರು ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದಳು. ಹೊರಡುವಾಗ ಗೂಟದಿಂದ ಆ ಚೀಲ ತೆಗೆದು ಕೈಗಿಟ್ಟು, ಮನೆಗೆ ಹೋಗಿ ಬಿಚ್ಚು ಅಂದಳು. ಅಮಲ್ದಾರರು ಜೀಪಿನಲ್ಲಿ ಜಯನಗರದವರೆಗೆ ಬಿಟ್ಟರು. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ದಿಣ್ಣೆಯ ಶಾಲೆಯಿಂದ ಮುದುಕರು ಹಾಸಿಗೆ ಸುತ್ತಿಕೊಂಡು ಇಳಿಯುತ್ತಿದ್ದರು.

ಮನೆಯಲ್ಲಿ ಚೀಲ ಬಿಚ್ಚಿದವಳು ನನ್ನ ಹೆಂಡತಿ. ಒಳಗೆ ಸೊಪ್ಪಿರಲಿಲ್ಲ. ಸೀರೆಯ ಅಂಚಿನ ಚೂರಿನಿಂದ ಕಟ್ಟಿದ ಒಂದು ಹಿಡಿ ಹಸಿರು ಭತ್ತದ ತೆನೆ ಇತ್ತು. ಹೊಸ ಬೆಳೆಯ ತೆನೆಯನ್ನು ಪ್ರತಿ ವರ್ಷ ಅಕ್ಕ ನಮ್ಮ ಬಾಗಿಲಿಗೆ ಕಟ್ಟಲು ಕಳಿಸುತ್ತಿದ್ದಳು. ಈ ಸಲ ಯಾಕಿಷ್ಟು ಎಳಸು ತೆನೆ ಕೊಯ್ದಿದ್ದಾರೆ ಎಂದು ಹೆಂಡತಿ ಕೇಳಿದಳು. ನಾನು ಹೋಗುವ ಮೊದಲೇ ಅಕ್ಕ ಕೋಡಿ ಬಿಡಿಸಲು ಮನಸ್ಸು ಮಾಡಿ, ಗದ್ದೆಗಿಳಿದು ಇದನ್ನು ಕೊಯ್ದು ತಂದಿದ್ದಳು. ಅದರ ಕೆಳಗೇ ಕೂತು ನಾನು ಅವಳಿಗೆ ಅಷ್ಟು ಹೊತ್ತು ಬುದ್ಧಿ ಹೇಳಿದ್ದೆ.